ರೇವಮ್ಮನ ಅರ್ಧ ರೌಂಡು

೮-೨-೭೯, ಗುರುವಾರ

ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಕಂದಾಯದ ಕೆಲಸ. ಬೆನ್ನು ನೋವು. ಸಂಜೆ ಮನೆಗೆ ಬಂದರೆ ನಮ್ಮ ಮನೆಯವಳು ರೇವಮ್ಮ ಟಿಕೆಟ್ ತೋರಿಸಿದಳು. ಬಸ್ಸಿನದಲ್ಲ, ಸಿನಿಮಾದ್ದೂ ಅಲ್ಲ — ವಿಮಾನದ್ದು. ಬೆಂಗಳೂರಿನ ಯಾವುದೋ ಕ್ಲಬ್ಬಿನ ಪುಟ್ಟ ವಿಮಾನ ಭಾನುವಾರ ಕುಣಿಗಲ್ ಹೊರಗಿನ ಬಯಲಿಗೆ ಬರುತ್ತದಂತೆ. ಹುತ್ರಿದುರ್ಗದ ಬೆಟ್ಟದ ಮೇಲೆ ಒಂದು ರೌಂಡು ಹೊಡೆಸುತ್ತಾರಂತೆ. ದುರ್ಗ ಇವಳ ತವರು.

“ಆ ಬೆಟ್ಟ ಹತ್ತಿದೀನಿ, ಇಳ್ದಿದೀನಿ. ನೆತ್ತಿ ಮೇಲಿಂದ ಒಂದ್ಸಲ ನೋಡ್ಬೇಕು ಕಣ್ರೀ,” ಅಂದಳು.

ನನಗೆ ಏಣಿ ಹತ್ತಿದರೇ ತಲೆಸುತ್ತು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂದೆ. ರಾತ್ರಿ ಊಟಕ್ಕೆ ಮುದ್ದೆ ಕಲ್ಲಿನಂತೆ ಬಂತು.

೧೦-೨-೭೯, ಶನಿವಾರ

ಇವತ್ತೂ ಮುದ್ದೆ ಕಲ್ಲು. ಪಕ್ಕದ ಮನೆಯ ದಸ್ತಗೀರ್ ಸಾಬರು ಟೆಂಪೊ ಇಟ್ಟವರು, ಗಾಡಿ ವಿಷಯ ಬಲ್ಲವರು. ಅವರನ್ನು ಕೇಳಿದೆ.

“ಇಂಜಿನ್ ನಿಂತ್ರೆ ನನ್ ಟೆಂಪೊನಾದ್ರೆ ತಳ್ಬೋದು ಹೊನ್ನಯ್ಯನೋರೆ. ಅದನ್ನ ಯಾರು ತಳ್ತಾರೆ?”

ಧೈರ್ಯ ತರಲು ಹೋಗಿ ಇದ್ದದ್ದನ್ನೂ ಕಳೆದುಕೊಂಡು ಬಂದೆ.

೧೧-೨-೭೯, ಭಾನುವಾರ, ಬೆಳಿಗ್ಗೆ

ಕಲ್ಲುಮುದ್ದೆ ಇನ್ನು ನುಂಗಲಾರೆ, ಹೋಗು ಅಂದುಬಿಟ್ಟೆ. ಇವಳ ಮುಖ ಊರಗಲವಾಯಿತು. ತಟ್ಟೆಯಲ್ಲಿ ಚೆಂಡುಹೂವು, ಕುಂಕುಮ, ನಿಂಬೆಹಣ್ಣು ಜೋಡಿಸುತ್ತಿದ್ದಾಳೆ. ಹೊಸ ಗಾಡಿ ಹತ್ತುವಾಗ ಪೂಜೆ ಬೇಡವೆ ಎನ್ನುತ್ತಾಳೆ. ಬಾಗಿಲಲ್ಲಿ ಸಾಬರ ಟೆಂಪೊ ಹಾರ್ನ್...

ಅದೇ ದಿನ, ಸಂಜೆ

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ವಿಮಾನಕ್ಕೆ ಕುಂಕುಮ, ಹೂವು ಇಟ್ಟಳು. ಚಕ್ರದಡಿ ನಿಂಬೆಹಣ್ಣು. ಪೈಲಟ್ ನಗುತ್ತಾ ಒಪ್ಪಿದ. ಮೊದಲ ರೌಂಡಿಗೆ ಬೇರೆ ಯಾರೂ ಮುಂದೆ ಬರಲಿಲ್ಲ. ಇವಳೊಬ್ಬಳೇ ಹತ್ತಿದಳು. ವಿಮಾನ ಮೇಲೆದ್ದಿತು... ತೋಟ ದಾಟಿತು... ಎರಡು ಸಲ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಹಾಗೇ ಮುಂದಕ್ಕೆ ಇಳಿಯುತ್ತಾ ಕಣ್ಮರೆಯಾಯಿತು.

ಓಡಿದೆ. ಚಪ್ಪಲಿ ಎಲ್ಲೋ, ಪಂಚೆ ಎಲ್ಲೋ. ಇವಳಿಲ್ಲದೆ ನಾನು ಬದುಕುವವನಲ್ಲ ಎಂದು ಆ ಓಟದಲ್ಲಿ ಗೊತ್ತಾಯಿತು.

ರಾಗಿ ಕೊಯ್ದ ಹೊಲ. ವಿಮಾನದ ಮೂಗು ಮಣ್ಣಲ್ಲಿ, ಒಂದು ಚಕ್ರ ಮುರಿದಿದೆ. ಇವಳು ಬದುವಿನ ಮೇಲೆ ಕೂತು ಸೆರಗು ಕೊಡವುತ್ತಿದ್ದಳು. ಹಣೆ ಕೊಂಚ ಊದಿತ್ತು, ಅಷ್ಟೇ.

“ಪಂಚೆ ಸರಿಮಾಡ್ಕಳಿ, ಜನ ನೋಡ್ತಾವ್ರೆ,” ಅಂದಳು.

ಪೈಲಟ್ ಇಂಜಿನ್ ಮುಚ್ಚಳ ತೆಗೆದ. ಗಾಳಿ ಎಳೆದುಕೊಳ್ಳುವ ತೂತಿನೊಳಗಿಂದ ಹಿಡಿಹಿಡಿ ಚೆಂಡುಹೂವು.

“ಇದನ್ನ ಯಾರು ತುರುಕಿದ್ದು?”

“ನಾನೇ ಕಣಪ್ಪ. ಮೇಲಿಟ್ರೆ ಗಾಳಿಗೆ ಹಾರೋಗುತ್ತೆ ಅಂತ ಒಳಕ್ಕಿಟ್ಟೆ.”

ಅವನು ತಲೆ ಹಿಡಿದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಅವನಿಗೇ ನಗು ಬಂತು. ಸಾಬರಿಗೂ ಬಂತು. ನಾನು ನಗುತ್ತಾ ಅತ್ತುಬಿಟ್ಟೆ.

೧೪-೨-೭೯

ಹಣೆಯ ಊತ ಇಳಿದಿದೆ. ಇಡೀ ಬೀದಿ ಇವಳನ್ನು ನೋಡಲು ಬರುತ್ತಿದೆ. ಕಾಫಿಪುಡಿ ಖಾಲಿ. ಬೀಳುವಾಗ ಏನನ್ನಿಸಿತು ಎಂದು ಎಲ್ಲರದೂ ಒಂದೇ ಪ್ರಶ್ನೆ. “ನಾಳೆಯಿಂದ ಇವ್ರಿಗೆ ಮುದ್ದೆ ತಿರುವೋರು ಯಾರು ಅಂತ,” ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

೧-೪-೭೯, ಭಾನುವಾರ

ವಿಮಾನ ರಿಪೇರಿಯಾಗಿ ಮತ್ತೆ ಬಂದಿದೆ. ಅರ್ಧ ರೌಂಡು ಬಾಕಿ ಎಂದು ಇವಳ ಪಟ್ಟು. ಬೆಟ್ಟ ಕಾಣುವ ಮೊದಲೇ ಬಿದ್ದದ್ದು ನಿಜ. ಪೈಲಟ್ ಪಾಪ, ಒಪ್ಪಿಕೊಂಡ. “ನೀವು ಇಲ್ಲೇ ನಿಂತಿರಿ,” ಅಂದಳು.

ನಿಲ್ಲಲಾರೆ. ಕೆಳಗೆ ನಿಂತು ಆ ಸದ್ದು ನಿಲ್ಲುವುದನ್ನು ಇನ್ನೊಮ್ಮೆ ಕೇಳಲಾರೆ. ನನಗೂ ಒಂದು ಟಿಕೆಟ್ ಕೊಂಡೆ.

ಈಗ ಪಕ್ಕದಲ್ಲಿ ಕೂತಿದ್ದೇನೆ. ಬೆಲ್ಟ್ ಬಿಗಿ. ಹೊರಗೆ ನೋಡಬಾರದೆಂದು ಇದನ್ನು ಬರೆಯುತ್ತಿರುವುದು. ಇವಳು ಕೈ ಹಿಡಿದಳು. ತಣ್ಣಗಿದೆ. ಹೆದರಿಕೆಯಾ ಅಂದೆ.

“ಹೋದ್ಸಲ ಇರ್ಲಿಲ್ಲ. ಈಗ ನೀವೂ ಇದೀರಲ್ಲ.”

ಇಂಜಿನ್ ಶುರುವಾಯಿತು. ಬಯಲು ಹಿಂದಕ್ಕೆ ಓಡುತ್ತಿದೆ. ಎಡಗೈ ಇವಳ ಹತ್ತಿರ. ಬಲಗೈಯನ್ನೂ ಎಳೆಯುತ್ತಿದ್ದಾಳೆ, ಇಷ್ಟು ಬರೆ