ಬಲ ಭುಜದ ಗುಟ್ಟು

ಅರ್ಜುನ,

ಇಂದು ನಿನ್ನ ಬೆಳಗಾವಿ ಫುಟ್‌ಬಾಲ್ ತಂಡ ಸವದತ್ತಿಗೆ ಬಂದು ನಮ್ಮೆದುರು ಸೋತಿದ್ದು ನಿನಗೆ ಗೊತ್ತೇ ಇದೆ. ಆಮೇಲೆ ದುರ್ಗಪ್ಪನ ಚಹಾದಂಗಡಿಯಲ್ಲಿ ಜನ ಆಡಿದ ಮಾತು ಗೊತ್ತಿಲ್ಲ. ಈ ಕಾಗದ ಕಳಿಸುವುದಿಲ್ಲ, ಆದರೂ ಹೇಳುತ್ತೇನೆ.

“ಲೀಗ್ ಶುರುವಾಗೂ ಮುಂಚಿನ ಮ್ಯಾಚ್ ಐತಿ. ಸೋತ್ರ ಏನಾತು?” ಎಂದರು ಒಬ್ಬರು.

“ಸೋಲು ಬಿಡ್ರಿ. ಆ ಅರ್ಜುನ ಒಂದ್ ಸಲನಾದ್ರೂ ಗೋಲಿನ ಕಡೆ ಹೊಡದಾನೇನ್ರಿ? ಲೀಗಿಗೆ ಇವನ್ನ ಇಟ್ಕೊಳ್ಳೂದು ಡೌಟ್,” ಎಂದ ದುರ್ಗಪ್ಪ.

ನಾನು ನಕ್ಕೆ. ಎಡಕ್ಕೆ ಹೊರಳುವ ಮುನ್ನ ನೀನು ಬಲ ಭುಜ ಇಳಿಸುತ್ತೀ ಎಂದು ನಮ್ಮ ಡಿಫೆಂಡರ್ ಮಧುವಿಗೆ ವಾರವಿಡೀ ಕಲಿಸಿದವನು ನಾನೇ. ಇಷ್ಟು ವರ್ಷ ಇಲ್ಲಿ ಒಂದೇ ತಂಡದಲ್ಲಿ ಆಡುವಾಗ ಆ ಭುಜ ನೋಡಿಯೇ ನಿನಗೆ ಪಾಸ್ ಕೊಡುತ್ತಿದ್ದೆ. ನನ್ನ ಮೊಣಕಾಲು ಮುರಿದ ವಾರವೇ ನೀನು ಆ ತಂಡ ಸೇರಿದೆ. ನನ್ನನ್ನು ನೋಡಲು ಆಸ್ಪತ್ರೆಗೂ ಬರಲಿಲ್ಲ. ಇಂದು ನೀನು ಹೊರಳಿದಲ್ಲೆಲ್ಲ ಮಧು ನಿಂತಿದ್ದ. ಪ್ರತಿ ಸಲವೂ ನನ್ನ ಹೊಟ್ಟೆ ತಣ್ಣಗಾಯಿತು.

“ಶ್ರೀಶೈಲ, ಪಾಸ್ ಕೊಡಾಕ ನೀ ಇದ್ದಿದ್ರ ಅಂವ ಹಿಂಗ ಆಡ್ತಿದ್ದಿಲ್ಲ ನೋಡು,” ಎಂದ ದುರ್ಗಪ್ಪ. ನಾನು ಇನ್ನೊಂದು ಚಹಾ ಹೇಳಿದೆ.

ಅಷ್ಟರಲ್ಲಿ ನೀನು ಬರುವುದು ಕಂಡಿತು. ನಾನು ಅಂಗಡಿಯ ಹಿಂದೆ ಸರಿದೆ.

“ಶ್ರೀಶೈಲ ಬಂದಿದ್ನೇನ್ರಿ?” ಎಂದು ನೀನು ಕೇಳಿದೆ.

ಗೋಡೆಯ ಮರೆಯಿಂದ ನಾನು ದುರ್ಗಪ್ಪನಿಗೆ ಬೇಡವೆಂದು ಕೈಯಾಡಿಸಿದೆ. “ಇಲ್ಲಪ್ಪ, ಇವತ್ತ ಬಂದಿಲ್ಲ,” ಎಂದ.

ನಿಮ್ಮ ಬಸ್ಸು ಯರಗಟ್ಟಿ ರಸ್ತೆ ಹಿಡಿದು ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ.