ಆರು ವರ್ಷ ಕಾದ ಹನ್ನೊಂದು ಸಾಲು

ಪ್ರಸೀತಾ,

ಒಮ್ಮೆ ಬರೆದ ತಂತ್ರಾಂಶ ಫೋನು, ಕಂಪ್ಯೂಟರು ಎರಡರಲ್ಲೂ ಓಡುವಂತೆ ಮಾಡುವ , ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದಾದ ನಮ್ಮ ಮುಕ್ತ ಚೌಕಟ್ಟನ್ನು ಇವತ್ತು ತಿರುವನಂತಪುರದ ಕಚೇರಿಯಲ್ಲಿ ಹೊಸದಾಗಿ ಸೇರಿದ ಷಿನೋಜ್ ಪರೀಕ್ಷಿಸಿದ. ಫೋನಿನಲ್ಲಿ ಮಲಯಾಳಂ ಒತ್ತಕ್ಷರಗಳು ಒಡೆದವು.

“ಚೇಟ್ಟಾ, ಇದನ್ನ ಪ್ರಸೀತ ಅನ್ನೋರು ಆರು ವರ್ಷದ ಹಿಂದೇನೇ ಸರಿಮಾಡಿ ಕಳಿಸಿದಾರೆ. ಮಾತು ನಿಂತಿರೋ ಅಪ್ಪನಿಗೆ ಫೋನಲ್ಲಿ ಬರೆದು ತೋರಿಸೋಕೆ ಬೇಕು, ಬೇಗ ನೋಡಿ ಅಂತಾನೂ ಬರ್ದಿದಾರೆ. ನೋಡ್ಬೇಕಾದ ಮಹಾರಾಯ ಗೊರಕೆ ಹೊಡೀತಿದ್ದ!” ಎಂದು ನಕ್ಕ.

ಪರಿಶೀಲಕನ ಜಾಗದಲ್ಲಿದ್ದದ್ದು ನನ್ನ ಹಳೆಯ ಅಡ್ಡಹೆಸರು. ಅದು ಅವನಿಗೆ ಗೊತ್ತಿಲ್ಲ. ಆ ವರ್ಷವೇ ನಿನ್ನ ಅಪ್ಪ ತೀರಿಕೊಂಡರು, ನೀನು ನಮ್ಮ ಗುಂಪು ಬಿಟ್ಟೆ.

ನಿನ್ನ ಹನ್ನೊಂದು ಸಾಲು ಕೋಡನ್ನು ಸೇರಿಸಲು ನಾಲ್ಕು ನಿಮಿಷ ಸಾಕಾಯಿತು. ಅಕ್ಷರಗಳು ಕೂಡಿಕೊಂಡವು. ಪರೀಕ್ಷೆಗೆಂದು ನೀನು ಇಟ್ಟಿದ್ದ ಮಲಯಾಳಂ ವಾಕ್ಯ ಫೋನಿನಲ್ಲಿ ಸ್ಪಷ್ಟವಾಗಿ ಮೂಡಿತು: “ಮಗಳೇ, ಗಂಜಿಗೆ ಉಪ್ಪು ಸಾಲದು.”