ಮುಟ್ಟಬೇಡಿ ಎಂದು ಬರೆದವಳು

ತಪ್ಪು ಹುಡುಕುವುದರಲ್ಲಿ ನನ್ನನ್ನೂ ಮೀರಿಸಿದ ಸೊಸೆಗೆ,

ಒಂದೇ ಸೂರಿನ ಕೆಳಗಿದ್ದುಕೊಂಡು, ಒಂದೇ ಕುಕ್ಕರಿನ ಅನ್ನ ಉಂಡುಕೊಂಡು ಈ ಅತ್ತೆಗೆ ಕಾಗದ ಬರೆಯುವ ಚಪಲ ಏಕೆ ಹುಟ್ಟಿತು ಎಂದು ನೀನು ನಗಬಹುದು. ನಗು. ನನ್ನ ಬಾಯಿಯ ವಿಷಯ ನಿನಗೆ ಗೊತ್ತೇ ಇದೆ. ಹೊಗಳಬೇಕೆಂದು ತೆರೆದರೂ ಗದರಿಕೆಯೇ ಹೊರಗೆ ಬೀಳುತ್ತದೆ. ನಿನ್ನೆ ಸಂಜೆ ನೀನು ಆಸ್ಪತ್ರೆಯಿಂದ ಬಂದು, ನನ್ನ ಮೇಜಿನ ಮೇಲೆ ಮಡಿಸಿದ ಒಂದು ಹಾಳೆಯನ್ನೂ ಒಂದು ಕೆಂಪು ಪೆನ್ನನ್ನೂ ಇಟ್ಟು ಮಾತಿಲ್ಲದೆ ಒಳಗೆ ಹೋದೆಯಲ್ಲ, ಆಗ ನನಗೆ ಹೇಳಲಿಕ್ಕೆ ಎಷ್ಟೊಂದಿತ್ತು. ಹೇಳಿದ್ದು ಮಾತ್ರ, “ಚಪ್ಪಲಿ ಸರಿಯಾಗಿ ಬಿಡು, ಯಾರಾದ್ರೂ ಎಡವಿ ಬೀಳ್ತಾರೆ” ಎಂದು. ಅದಕ್ಕೇ ಈ ಕಾಗದ. ಆ ಪೆನ್ನಿನಲ್ಲೇ ಬರೆಯುತ್ತಿದ್ದೇನೆ. ಕಣ್ಣಿಗೆ ಹೊಡೆದರೆ ಸಹಿಸಿಕೋ.

ನೀನು ಈ ಮನೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಮಕ್ಕಳ ಆಸ್ಪತ್ರೆಯ ಬಟ್ಟೆ ಕೋಣೆಗೆ ಅಂಟಿಕೊಂಡ ಇಕ್ಕಟ್ಟಿನ ರೂಮಿನಲ್ಲಿ ಕೂತು ಆ ವೆಬ್ ತಂತ್ರಾಂಶವನ್ನು ನಾನೊಬ್ಬಳೇ ಕಟ್ಟಿದೆ. ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಯ ಬಿಸಿ ವಾಸನೆ ಗೋಡೆ ದಾಟಿ ಬರುತ್ತಿತ್ತು. ಯಾವ ಮಂಚದಲ್ಲಿ ಯಾವ ಮಗು, ಅದರ ತೂಕವೆಷ್ಟು, ಯಾವ ಔಷಧಿ ಎಷ್ಟು ಹನಿ, ಮನೆಗೆ ಹೊರಟ ತಾಯಿಯ ಕೈಗೆ ಕೊಡುವ ಚೀಟಿಯಲ್ಲಿ ಏನಿರಬೇಕು, ಎಲ್ಲವೂ ಅದರಲ್ಲೇ. ಆರು ವರ್ಷದ ಹಿಂದೆ ನಿವೃತ್ತಳಾದಾಗ ಹೆತ್ತ ಮಗಳನ್ನು ಬಿಟ್ಟು ಬಂದ ಹಾಗೆ ಬಿಟ್ಟು ಬಂದೆ. ಎರಡು ತಿಂಗಳ ಹಿಂದೆ ನೀನು ಅದೇ ವಿಭಾಗಕ್ಕೆ, ಅದೇ ತಂತ್ರಾಂಶದ ಕೋಡಿನ ಗುಣಮಟ್ಟ ಪರೀಕ್ಷಿಸಿ ಸರಿಪಡಿಸುವ ಕೆಲಸಕ್ಕೆ ಸೇರಿದಾಗ ನಿನ್ನ ಗಂಡ ಬಿದ್ದು ಬಿದ್ದು ನಕ್ಕ. “ಎಲ್ಲರ ಮನೇಲೂ ಸೊಸೆ ಮಾಡಿದ್ರಲ್ಲಿ ಅತ್ತೆ ತಪ್ಪು ಹುಡುಕ್ತಾರೆ. ನಮ್ಮನೇಲಿ ಅತ್ತೆ ತಪ್ಪು ಹುಡುಕೋಕೆ ಸೊಸೆಗೆ ಸಂಬಳ ಬೇರೆ!” ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ನಕ್ಕೆ. ಒಳಗೊಳಗೇ ಉರಿದುಕೊಂಡೆ, ಅದು ಬೇರೆ ಮಾತು.

ಮೊದಲ ತಿಂಗಳಲ್ಲೇ ನೀನು ಪಟ್ಟಿ ತಂದೆ. ನಾಲ್ಕು ಸಾವಿರ ಸಾಲಿನ ಒಂದೇ ಫೈಲು. ಯಾರೂ ಬಳಸದೆ ಸುಮ್ಮನೆ ಬಿದ್ದುಕೊಂಡಿರುವ ಕೋಡು. ‘ತಾತ್ಕಾಲಿಕ’, ‘ತಾತ್ಕಾಲಿಕ ಎರಡು’, ‘ಹೊಸ ತಾತ್ಕಾಲಿಕ’ ಎಂಬ ಹೆಸರುಗಳು. ಹದಿನೆಂಟು ವರ್ಷವಾದರೂ ಅವುಗಳಲ್ಲಿ ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. “ನನ್ನ ಕೋಡು ಒಂದು ದಿನವೂ ಹಾಸಿಗೆ ಹಿಡಿದಿಲ್ಲ, ತಿಳ್ಕೋ” ಎಂದು ನಾನು ಸಿಡುಕಿದೆ. ನೀನು ತಟ್ಟೆಯಿಂದ ತಲೆ ಎತ್ತದೆ, “ಹಾಸಿಗೆ ಹಿಡಿದಿಲ್ಲ ಅತ್ತೆ, ಆದ್ರೆ ಕುಂಟ್ತಾ ಓಡಾಡ್ತಿದೆ” ಎಂದೆ. ಎರಡು ದಿನ ನಾನು ನಿನ್ನ ಜೊತೆ ಮಾತು ಬಿಟ್ಟೆ. ನೀನು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ, ಅದಕ್ಕೆ ಇನ್ನೆರಡು ದಿನ ಬಿಟ್ಟೆ.

ಆ ಪಟ್ಟಿಯ ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಮಗುವಿನ ತೂಕ ಕೊಟ್ಟರೆ ಎಷ್ಟು ಹನಿ ಔಷಧಿ ಎಂದು ಹೇಳುವ ಲೆಕ್ಕ ನನ್ನ ಕೋಡಿನಲ್ಲಿ ನಲವತ್ತು ಸಾಲು. ಅದರ ನೆತ್ತಿಯ ಮೇಲೆ ನಾನೊಂದು ಟಿಪ್ಪಣಿ ಬರೆದಿದ್ದೆ: ‘ಇದನ್ನು ಯಾರೂ ಮುಟ್ಟಬೇಡಿ.’ ಅಷ್ಟೆ. ಏಕೆ ಎಂದಿಲ್ಲ, ಎಲ್ಲಿಯವರೆಗೆ ಎಂದಿಲ್ಲ. ಹದಿನಾರು ವರ್ಷ ಯಾರೂ ಮುಟ್ಟಲಿಲ್ಲ. ಅದೇ ಲೆಕ್ಕ ಇನ್ನೊಂದು ಪುಟಕ್ಕೆ ಬೇಕಾದಾಗ ಪಕ್ಕದಲ್ಲಿ ನಕಲು ಮಾಡಿಕೊಂಡು ಆ ನಕಲನ್ನು ಬೇಕಾದ ಹಾಗೆ ತಿದ್ದಿಕೊಂಡರು. ಒಬ್ಬರ ನಂತರ ಒಬ್ಬರು, ಎಂಟು ನಕಲು. ಅದರಲ್ಲಿ ಎರಡನ್ನು ಮಾಡಿದವಳು ನಾನೇ. ನಾನೇ ನೆಟ್ಟ ಹಲಗೆಗೆ ನಾನೇ ಹೆದರಿದೆ, ನನ್ನ ಬುದ್ಧಿಗಿಷ್ಟು!

“ಅತ್ತೆ, ಇದನ್ನ ಯಾಕೆ ಮುಟ್ಟಬಾರದು?” ಎಂದು ನೀನು ಕೇಳಿದೆ. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದವಳು ನೀನೊಬ್ಬಳೇ. ನನಗೆ ಉತ್ತರ ಗೊತ್ತಿತ್ತು. ನಾಚಿಕೆಯ ಉತ್ತರ. ಅದಕ್ಕೇ ಸುಳ್ಳು ಹೇಳಿದೆ. “ಹಳೇ ದೊಡ್ಡ ಡಾಕ್ಟರು ಹೇಳಿ ಬರೆಸಿದ್ದು. ಕಾರಣ ಇಲ್ದೆ ಬರೀತಾರಾ? ಕೆಣಕೋಕೆ ಹೋಗ್ಬೇಡ.” ಎದ್ದು ಕೈ ತೊಳೆಯಲು ಹೋದೆ. ಊಟ ಇನ್ನೂ ಅರ್ಧ ಉಳಿದಿತ್ತು.

ಮರುವಾರ ನೀನು ಹಸುಗೂಸುಗಳ ವಾರ್ಡಿಗೆ ಹೋಗಿ ಕೂತೆ. ಈ ಪದ್ಧತಿ ನನ್ನಲ್ಲಿರಲಿಲ್ಲ. ನಾನು ಪರದೆಯನ್ನು ನೋಡಿ ಕೆಲಸ ಮಾಡಿದವಳು, ನೀನು ಪರದೆಯ ಮುಂದೆ ಕೂತವರನ್ನೂ ನೋಡುತ್ತೀಯ. ಅಲ್ಲಿಯ ಹಿರಿಯ ನರ್ಸನ್ನು ಎಲ್ಲರೂ ಕೆಂಪು ಪೆನ್ನಿನಕ್ಕ ಎನ್ನುತ್ತಾರೆ. ಮನೆಗೆ ಹೊರಟ ಒಂದು ಕೂಸಿನ ಚೀಟಿ ಮುದ್ರಣವಾಗಿ ಬಂದಾಗ ಅವರು ಒಂದು ಅಂಕಿಯನ್ನು ಹೊಡೆದು ಬೇರೆ ಬರೆದು ತಾಯಿಗೆ ಕೊಟ್ಟರು. ನೀನು ಕೇಳಿದ್ದಕ್ಕೆ, “ಅಯ್ಯೋ, ಅದು ಕಂಪ್ಯೂಟರಿನ ಚಾಳಿ ಕಣಮ್ಮ. ಎರಡು ಕಿಲೋ ಒಳಗಿನ ಕೂಸುಗಳಿಗೆ ಯಾವಾಗ್ಲೂ ಒಂದೆರಡು ಹನಿ ಜಾಸ್ತಿ ಬರೆಯುತ್ತೆ. ನಾನು ತಿದ್ದಿ ಕೊಡ್ತೀನಲ್ಲ, ಬಿಡು” ಎಂದರಂತೆ.

ಐದು ವರ್ಷದಿಂದ ತಿದ್ದುತ್ತಿದ್ದರು. ಐದು ವರ್ಷದ ಹಿಂದೆ ಸಣ್ಣ ಕೂಸುಗಳ ನಿಯಮ ಬದಲಾಗಿ, ಎಂಟು ನಕಲುಗಳಿಗೂ ಅದನ್ನು ಸೇರಿಸಿದ್ದರು. ಬಿಡುಗಡೆ ಚೀಟಿಯ ಪುಟವೊಂದು ಮಾತ್ರ ಮೂಲ ಲೆಕ್ಕವನ್ನು ನೆಚ್ಚಿಕೊಂಡಿತ್ತು. ಮೂಲವನ್ನು ಮುಟ್ಟುವ ಹಾಗಿರಲಿಲ್ಲವಲ್ಲ! ಆ ವಾರ್ಡಿನ ಒಂದು ಚೀಟಿಯೂ ಅಕ್ಕನ ಕೈ ದಾಟದೆ ಹೊರಗೆ ಹೋಗುತ್ತಿರಲಿಲ್ಲ, ಅದಕ್ಕೆ ಯಾವ ಕೂಸಿಗೂ ಕೇಡಾಗಿರಲಿಲ್ಲ. ಆದರೆ ಅಕ್ಕ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಉಳಿದದ್ದು ಇಪ್ಪತ್ತು ದಿನ. ಆಮೇಲೆ ಬರುವವರಿಗೆ ಕಂಪ್ಯೂಟರು ಹೇಳಿದ್ದೇ ವೇದವಾಕ್ಯ.

ನೀನು ಅದನ್ನೆಲ್ಲ ಮನೆಗೆ ಬಂದು ಹೇಳಿದ ಸಂಜೆಯೇ ನಾನು ಬಾಯಿ ಬಿಡಬೇಕಿತ್ತು. ನನ್ನ ಸುಳ್ಳನ್ನು ನಿನ್ನ ಬಾಯಿಂದ ಕೇಳಿ ನಂಬಿದ ನಿಮ್ಮ ವಿಭಾಗದ ಮುಖ್ಯಸ್ಥರು, ಹಳೆಯ ದೊಡ್ಡ ಡಾಕ್ಟರ ಆದೇಶ ಸಿಗುವವರೆಗೂ ಆ ಸಾಲುಗಳಿಗೆ ಕೈ ಹಾಕಬಾರದು ಎಂದಿದ್ದರು. ಎಂಟು ದಿನ ನೀನು ಹಳೆಯ ಕಡತಗಳ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಲ್ಲದ ಆದೇಶ ಹುಡುಕಿದೆ. ಸಂಜೆ ಸೀನುತ್ತಾ ಬಂದು ಸೋಫಾದಲ್ಲಿ ಕುಸಿಯುತ್ತಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ನಾನು ತಳ್ಳುತ್ತಾ ಹೋದೆ. ನಿನಗೆ ಬಿಸಿನೀರು ಕಾಯಿಸಿ ಕೊಟ್ಟೆ, ನಿಜ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಸಭೆ. ಹಳಬಳೆಂದು ನನ್ನನ್ನೂ ಕರೆದಿದ್ದರು. ಉದ್ದ ಮೇಜಿನ ಮೇಲೆ ನೀನು ಒಂಬತ್ತು ಹಾಳೆಗಳನ್ನು ಸಾಲಾಗಿ ಜೋಡಿಸಿದೆ. ಒಂದೇ ಕೂಸು, ಒಂದೇ ತೂಕ. ಎಂಟು ಹಾಳೆಯಲ್ಲಿ ನಾಲ್ಕು ಹನಿ, ಒಂಬತ್ತನೆಯದರಲ್ಲಿ ಆರು. ನೀನು ದನಿ ಏರಿಸಲಿಲ್ಲ. ಇದನ್ನು ಬರೆದವರು ಯಾರು ಎಂದು ಬೆರಳು ತೋರಿಸಲಿಲ್ಲ. ಮುಖ್ಯಸ್ಥರು ಕನ್ನಡಕ ಒರೆಸಿಕೊಂಡು, “ಹಿರಿಯರು ಯೋಚನೆ ಮಾಡಿ ಬರೆದಿಟ್ಟದ್ದು. ಮುಟ್ಟಿ ಇನ್ನೊಂದು ಕೆಟ್ಟರೆ? ಕಾರಣ ಸಿಗೋ ತನಕ ಹಾಗೇ ಇರ್ಲಿ” ಎಂದರು. ಎಲ್ಲರೂ ನನ್ನ ಮುಖ ನೋಡಿದರು, ನಿನ್ನ ಹೊರತು. ನೀನು ನಿನ್ನ ಮುಂದಿದ್ದ ಮುಚ್ಚಿದ ಕಡತವನ್ನೇ ನೋಡುತ್ತಿದ್ದೆ.

ನಾನು ಎದ್ದು ನಿಂತೆ. “ಆ ಸಾಲು ನಂದು. ಯಾವ ಡಾಕ್ಟರೂ ಹೇಳಿದ್ದಲ್ಲ. ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಇತ್ತು, ಒಂದು ವಾರ ರಜೆ ಹಾಕಿದ್ದೆ. ನಾನಿಲ್ಲದಾಗ ಯಾರೂ ಕೆಡಿಸದಿರ್ಲಿ ಅಂತ ಬರೆದೆ. ವಾಪಸ್ ಬಂದು ಅಳಿಸೋದು ಮರೆತೆ. ಅದಕ್ಕೆ ಇರೋ ಕಾರಣ ಇಷ್ಟೇ. ನನ್ನ ಸೊಸೆ ಹೇಳೋದು ಸರಿ.”

ಮರೆತೆ ಎಂದದ್ದೂ ಪೂರ್ತಿ ನಿಜವಲ್ಲ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ವಾರ ಕಳೆದು ವಾಪಸ್ಸು ಬಂದಾಗ ಎಲ್ಲರೂ ಆ ಸಾಲಿಗೆ ಹೆದರಿ ದೂರ ನಿಂತಿದ್ದರು. ಅಯ್ಯೋ, ಅದು ನನಗೆ ಎಷ್ಟು ಹಿತವಾಗಿತ್ತು ಗೊತ್ತೇ? ಬಟ್ಟೆ ಕೋಣೆಯ ಪಕ್ಕ ಕೂತವಳ ಮಾತಿಗೆ ಮೊದಲ ಸಲ ಆಸ್ಪತ್ರೆಯಲ್ಲಿ ತೂಕ ಬಂದಿತ್ತು. ಇವತ್ತು ಅಳಿಸಿದರಾಯಿತು ಎಂದುಕೊಂಡೇ ಇಟ್ಟುಕೊಂಡೆ. ವರ್ಷಗಳು ಕಳೆದ ಮೇಲೆ ಅದನ್ನು ಮುಟ್ಟುವ ಧೈರ್ಯ ನನಗೇ ಹೋಯಿತು.

ಸಭೆ ಮುಗಿದು ನೀನು ಮುಖ್ಯಸ್ಥರ ಸಹಿ ಮಾಡಿಸಲು ಹೋದಾಗ ನಿನ್ನ ಹಾಳೆಗಳನ್ನು ನಾನು ಎತ್ತಿಡುತ್ತಿದ್ದೆ. ಆ ಮುಚ್ಚಿದ ಕಡತ ತೆರೆದುಕೊಂಡಿತು. ಕೊನೆಯ ಹಾಳೆಯಲ್ಲಿ ಕೋಡಿನ ಬದಲಾವಣೆಗಳ ಇತಿಹಾಸ: ಆ ಸಾಲು ಬರೆದ ದಿನ, ಬರೆದವಳಾಗಿ ನನ್ನ ಹೆಸರು. ಪಕ್ಕದಲ್ಲಿ ನಿನ್ನ ಪೆನ್ಸಿಲ್ ಅಕ್ಷರ, ‘ಮರುದಿನದಿಂದ ಅತ್ತೆ ರಜೆ. ಇವರ ಆಪರೇಷನ್ ವಾರ.’ ಅವತ್ತು ಬೆಳಗ್ಗೆ ತಿಂಡಿಗೆ ಕೂತಾಗ ನೀನು ನಿನ್ನ ಗಂಡನಿಗೆ ಹೊಟ್ಟೆಯ ಹೊಲಿಗೆ ಬಿದ್ದದ್ದು ಯಾವಾಗ ಎಂದು ಕೇಳಿದ್ದು ನೆನಪಾಯಿತು. ನಿನಗೆ ಗೊತ್ತಿತ್ತು. ನನ್ನ ಸುಳ್ಳು ನಿನ್ನ ಕೈಯಳತೆಯಲ್ಲಿತ್ತು, ನೀನು ಕಾದೆ. ನಾನು ಏಳದಿದ್ದರೆ ನೀನು ಆ ಹಾಳೆ ತೆಗೆಯುತ್ತಿದ್ದೆ, ಅದರಲ್ಲಿ ಅನುಮಾನವಿಲ್ಲ. ತೆಗೆಯಲೇಬೇಕಿತ್ತು, ಕೂಸುಗಳಿಗಿಂತ ಅತ್ತೆಯ ಮಾನ ದೊಡ್ಡದಲ್ಲ. ಆದರೂ ನಾನೇ ಏಳಲಿ ಎಂದು ಒಂದು ನಿಮಿಷ ನನಗಾಗಿ ಎತ್ತಿಟ್ಟೆಯಲ್ಲ, ಆ ಒಂದು ನಿಮಿಷಕ್ಕೆ ನಾನು ಸಾಯುವವರೆಗೂ ಹೆಮ್ಮೆಪಡುತ್ತೇನೆ.

ಆಮೇಲಿನ ಹನ್ನೊಂದು ದಿನ ನಿನ್ನ ಕೆಲಸ ನೋಡುವ ಭಾಗ್ಯ ನನ್ನದಾಯಿತು. ಅವಸರದಲ್ಲಿ ನಾನು, “ಒಂದು ಸಾಲು ಬದಲಿಸಿ ಎಸೆದ್ರೆ ಮುಗೀತಲ್ಲ” ಎಂದೆ. “ಅತ್ತೆ, ಮೊದಲು ಅಳತೆ, ಆಮೇಲೆ ಕತ್ತರಿ” ಎಂದೆ ನೀನು. ಅಕ್ಕ ತಿದ್ದಿದ ಚೀಟಿಗಳ ಪ್ರತಿಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಇನ್ನೂರ ಹನ್ನೊಂದು. ನೀನು ಒಂದೊಂದು ಚೀಟಿಯನ್ನೂ ಒಂದೊಂದು ಪರೀಕ್ಷೆಯಾಗಿ ಬರೆದೆ: ಈ ತೂಕಕ್ಕೆ ಅಕ್ಕನ ಈ ಅಂಕಿಯೇ ಬರಬೇಕು. ನನ್ನ ಹಳೆಯ ಲೆಕ್ಕ ಇನ್ನೂರ ಹನ್ನೊಂದರಲ್ಲೂ ನಪಾಸು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ. ಓರೆಗಣ್ಣಿನಲ್ಲಿ ನಾನು ನೋಡಿದೆ, ನೀನು ನಗಲಿಲ್ಲ. ಮೂಲ ಸರಿಹೋಗಿ ಎಲ್ಲವೂ ಪಾಸಾದ ಮೇಲೆ ನಕಲುಗಳನ್ನು ನೀನು ಒಂದೊಂದಾಗಿ ತೆಗೆದು ಅವುಗಳ ಪುಟಗಳನ್ನು ಮೂಲಕ್ಕೆ ಜೋಡಿಸಿದೆ, ಪ್ರತಿ ಸಲವೂ ಆ ಪುಟದ ಮೇಲೆ ಪರೀಕ್ಷೆಗಳನ್ನು ಮತ್ತೆ ಓಡಿಸಿದೆ. ಐದನೆಯದನ್ನು ತೆಗೆದಾಗ ಮೂರು ಚೀಟಿ ತಪ್ಪಿದವು. ನಾನಾಗಿದ್ದರೆ ಕೂಗಾಡುತ್ತಿದ್ದೆ. ನೀನು ಸುಮ್ಮನೆ ಹಿಂದಕ್ಕೆ ಹೋಗಿ, ಆ ಪುಟ ಅರ್ಧ ಹನಿಯನ್ನು ಬಿಟ್ಟುಬಿಡುವ ಬದಲು ಇಡೀ ಹನಿಯೆಂದು ಎಣಿಸುತ್ತಿತ್ತು ಎಂಬುದನ್ನು ಹಿಡಿದು ತಂದೆ. ನಾನು ಜೀವನವಿಡೀ ಎಷ್ಟು ಸಾಲು ಬರೆದೆ ಎಂದು ಕೊಚ್ಚಿಕೊಂಡವಳು. ಮುನ್ನೂರು ಸಾಲು ಅಳಿಸಿ ಹಗುರಾಗಿ ಕಾಫಿ ಕುಡಿದವಳನ್ನು ಅವತ್ತೇ ಕಂಡದ್ದು.

ಇವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದ್ದರು. ನೀನು ಹೇಳದೆ ನುಂಗಿದ್ದನ್ನೆಲ್ಲ ಹೇಳಿದರು. ನಿನ್ನೆ ಅವರ ಕೊನೆಯ ದಿನ, ಒಂದು ಕಿಲೋ ಎಂಟುನೂರು ಗ್ರಾಮಿನ ಕೂಸು ಮನೆಗೆ ಹೊರಟಿತ್ತಂತೆ. ಚೀಟಿ ಬಂತು. ಅಕ್ಕ ಪೆನ್ನಿನ ಮುಚ್ಚಳ ತೆಗೆದು ಓದಿದರು, ಮತ್ತೆ ಓದಿದರು, ಮುಚ್ಚಳ ಹಾಕಿದರು. “ನಂಗಿನ್ನು ಇಲ್ಲಿ ಕೆಲಸ ಇಲ್ಲ ಕಣಮ್ಮ” ಎಂದು ಪೆನ್ನನ್ನು ನಿನ್ನ ಕೈಗಿಟ್ಟರಂತೆ. “ಎಂಥ ಸೊಸೇನ ಪಡ್ಕೊಂಡಿದ್ದೀರ್ರೀ” ಎಂದು ನನಗೆ ಹೇಳಿದರು. “ಹೂಂ, ಚಪ್ಪಲಿ ಬಿಡೋದೊಂದು ಕಲೀಬೇಕು” ಎಂದೆ ನಾನು. ಫೋನ್ ಇಟ್ಟ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಆಮೇಲೆ ನೀನಿಟ್ಟ ಹಾಳೆ ಬಿಡಿಸಿದೆ. ನನ್ನ ನಲವತ್ತು ಸಾಲು ಈಗ ಇಪ್ಪತ್ತೆರಡು. ನೆತ್ತಿಯ ಮೇಲೆ ನನ್ನ ಟಿಪ್ಪಣಿಯಿದ್ದ ಜಾಗದಲ್ಲಿ ನಿನ್ನದು: ‘ಬದಲಿಸಬೇಕಾದರೆ ಬದಲಿಸಿ. ಮೊದಲು ಇನ್ನೂರ ಹನ್ನೊಂದು ಚೀಟಿಗಳ ಪರೀಕ್ಷೆ ಓಡಿಸಿ. ಏಕೆ ಹೀಗಿದೆ ಎಂದು ತಿಳಿಯದಿದ್ದರೆ ನಾಚಿಕೆಪಡದೆ ಕೇಳಿ.’ ಹಾಳೆಯ ಜೊತೆ ಪೆನ್ನನ್ನೂ ಏಕೆ ಇಟ್ಟೆ ಎಂದು ಆಗ ಹೊಳೆಯಿತು. ತಿದ್ದು ಎಂದು ಅತ್ತೆಗೆ ಕೊಟ್ಟಿದ್ದೀಯ. ನನ್ನನ್ನು ಏನೆಂದುಕೊಂಡೆ, ಬಿಡುತ್ತೇನೆಯೇ? ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಒಂದೊಂದು ಸಾಲನ್ನೂ ಜಾಲಾಡಿದೆ. ನಾಲ್ಕು ಸಲ. ತಿದ್ದಲಿಕ್ಕೆ ಏನೂ ಸಿಗಲಿಲ್ಲ. ಶಾಯಿ ಹಾಗೇ ಉಳಿಯಿತು, ಅದರಲ್ಲಿ ಈ ಕಾಗದ ಬರೆದೆ.

ಮುಟ್ಟಿದ್ದೆಲ್ಲ ಚಿನ್ನವಾಗಲಿ ಎಂದು ಹಿರಿಯರು ಹರಸುತ್ತಾರೆ. ಚಿನ್ನ ಕಟ್ಟಿಕೊಂಡು ನಿನಗೇನಾಗಬೇಕು? ನೀನು ಮುಟ್ಟಿದ್ದೆಲ್ಲ ಸರಿಹೋಗಲಿ, ತಾಯಿ. ಇನ್ನು ನಾನು ಬರೆದಿಟ್ಟದ್ದನ್ನೆಲ್ಲ ಕೇಳದೆ ಮುಟ್ಟು.

ನಿನ್ನ ಪಟ್ಟಿಯಲ್ಲಿ ಇನ್ನೂ ಸರಿಹೋಗದೆ ಉಳಿದಿರುವ,
ನಿನ್ನ ಅತ್ತೆ